ಒಬ್ಬೊಬ್ಬರಿಗೆ ಒಂದೊಂದು ಹಪ್ಪಳದ ಮಣಿ



ಇತ್ತಿತ್ಲಾಗ ನಮ್ಮ ಸಂಘದ ಮಂದಿ ನನ್ನ ಒಂದ ಮಾತು ತಿರುಗಿ ತಿರುಗಿ ಕೇಳಾಕತ್ತಾರ. "ಏನವಾ, ನಮ್ಮ ಉಳಿತಾಯದ ಲೆಕ್ಕಾನೂ ಈಗ ಎಐ ಮಾಡ್ತೈತಂತಲ್ಲ, ಖರೇನ?" ಚಿಗವ್ವ ಅಂತೂ ಸೀದಾ ಕೇಳಿಬಿಟ್ಲು: "ಅದು ತಪ್ಪು ಮಾಡಿದ್ರ ನಾವು ಯಾರನ್ನ ಹಿಡದು ಕೇಳಬೇಕು?" ಕೇಳಬೇಕಾದ ಪ್ರಶ್ನೇನ ಬಿಡ್ರಿ. ರೊಕ್ಕ ನಿಮ್ಮದು. ವಾರ ವಾರ ಸಂತಿ ಖರ್ಚಿನ್ಯಾಗ ಉಳಿಸಿ ತಂದು ಕಟ್ಟಿದ್ದು. ಅದಕ್ಕ ನಿಂತ ಕಾಲಮ್ಯಾಲ ಹಾರಿಕಿ ಉತ್ತರಾ ಕೊಡೂದಕ್ಕಿಂತ ಕೂತು ಬರದು ಹೇಳೂಣು ಅಂತ ಮಾಡೇನಿ. ಸ್ವಲ್ಪ ಉದ್ದ ಆಗ್ತೈತಿ, ಚಾ ಇಟಗೊಂಡು ಓದ್ರಿ.

ಮೊದಲ ಒಂದು ಮಾತು. ಸಂಘದ ಲೆಕ್ಕ ಬರಿಯೂದು ಎಐ ಅಲ್ಲ. ಯಾರು ಎಷ್ಟು ಕಟ್ಟಿದ್ರು, ಯಾರು ಸಾಲಾ ತಗೊಂಡ್ರು ಅನ್ನೂದನ್ನ ನಮ್ಮ ಕಾರ್ಯದರ್ಶಿ ಅಕ್ಕಾರ ಕೈಲೆ ತುಂಬ್ತಾರ. ಕೂಡಿಸೂದು, ಕಳಿಯೂದು, ಬಡ್ಡಿ ಹಾಕೂದು ನಾ ಬರದಿಟ್ಟ ಪ್ರೋಗ್ರಾಮ್ ಮಾಡ್ತೈತಿ. ಆ ಪ್ರೋಗ್ರಾಮಿನ್ಯಾಗ ಏನರ ಹೊಸಾದು ಸೇರಿಸಬೇಕಾದಾಗ, ಅಂದ್ರ ಪಾಸ್‌ಬುಕ್ ಕನ್ನಡ ಅಂಕಿಯೊಳಗ ಛಾಪಾ ಆಗಬೇಕು, ತಡಾ ಮಾಡಿದವರಿಗೆ ದಂಡಾ ತಾನ ಹತ್ತಬೇಕು ಅಂದಾಗ, ಆ ಬರವಣಿಗಿ ಕೆಲಸದಾಗ ಒಂದಿಷ್ಟು ಈಗ ಎಐ ಕಡೆ ಮಾಡಸ್ತೇನಿ. ವಹಿಯೊಳಗ ಬರಿಯಾಕ ಅದನ್ನ ಕೂಡಿಸಿಲ್ಲ, ವಹಿ ಹೊಲ್ಯಾಕ ಕೂಡಿಸೇನಿ. ಆದ್ರೂ ಹೊಲಿಗಿ ತಪ್ಪಿದ್ರ ಹಾಳಿ ಹಿಂದಮುಂದ ಆಗ್ತಾವಲ್ಲ? ಬಡ್ಡಿ ಹಾಕೂ ಒಂದ ಸಾಲು ತಪ್ಪಿದ್ರ ಎಲ್ಲಾರ ಪಾಸ್‌ಬುಕ್ಕೂ ತಪ್ಪು. ಹಿಂಗಾಗಿ ನಿಮ್ಮ ಅಂಜಿಕಿ ಖೊಟ್ಟಿ ಅಲ್ಲ. ಆ ಅಂಜಿಕಿಗೆ ನಾ ಏನು ವ್ಯವಸ್ಥಾ ಮಾಡೇನಿ ಅನ್ನೂದ ಇವತ್ತಿನ ಮಾತು.

ಎಐ ಅಂದ್ರ ನೀವು ಮೊಬೈಲಿನ್ಯಾಗ ನೋಡೇ ನೋಡೀರಿ. ಪ್ರಶ್ನೆ ಹಾಕಿದ್ರ ಉತ್ತರಾ ಬರ್ತೈತಿ. ಕೋಡ್ ಬರಿಯೂ ಏಜೆಂಟ್ ಅನ್ನೂದು ಅದಕ್ಕಿಂತ ಒಂದು ಹೆಜ್ಜಿ ಮುಂದ. ಅದು ಬರೇ ಬಾಯಿಲೆ ಹೇಳಿ ಬಿಡೂದಿಲ್ಲ, ಕೈ ಹಚ್ಚತೈತಿ. ನನ್ನ ಕಂಪ್ಯೂಟರಿನ ಫೋಲ್ಡರ್ ತಗದು ಫೈಲ್ ಓದ್ತೈತಿ, ತಿದ್ದತೈತಿ, ಓಡಿಸಿ ನೋಡ್ತೈತಿ, ತಪ್ಪು ಬಂದ್ರ ಮತ್ತ ತಿದ್ದತೈತಿ. ಕ್ಲಾಡ್ ಕೋಡ್, ಕೋಡೆಕ್ಸ್ ಅಂತ ಇಂಥಾವು 2025ರಾಗ ಬಂದು, ನನ್ನಂಗ ಮನ್ಯಾಗ ಕೂತು ಕೆಲಸಾ ಮಾಡೂ ಮಂದೀಗೂ ಸಿಗೂ ಹಂಗ ಆದ್ವು. ಹೇಳಿದ್ದು ಲಗೂ ತಿಳೀತೈತಿ, ಬ್ಯಾಸರಾ ಅನ್ನೂದಿಲ್ಲ. ಆದ್ರ ಮನಿಗೆ ಹೊಸದಾಗಿ ಬಂದ ಸೊಸಿ ಹಂಗ, ಯಾವ ಡಬ್ಬಿ ಮುಟ್ಟಬೇಕು, ಯಾವುದು ಮುಟ್ಟಬಾರದು ಅನ್ನೂದು ನಾವು ಹೇಳಿದ ಹೊರತು ಅದಕ್ಕ ಗೊತ್ತಿರೂದಿಲ್ಲ. ಸೊಸಿ ಆರು ತಿಂಗಳದಾಗ ಎಲ್ಲಾ ಕಲಿತಾಳ. ಇದು ದಿನಾ ಮುಂಜಾನೆ ಹೊಸಾ ಸೊಸೀನ. ನಿನ್ನಿ ಹೇಳಿದ್ದನ್ನ ಎಲ್ಲೆರ ಬರದಿಟ್ಟಿದ್ರ ಇವತ್ತು ಓದತೈತಿ, ಇಲ್ಲಂದ್ರ ಮತ್ತ ಮೊದಲಿಂದ ಹೇಳಬೇಕು.

ಒಂದು ಏಜೆಂಟಿಗೆ ಕೆಲಸಾ ಹಚ್ಚಿದ್ರ ಹತ್ತು ನಿಮಿಷಾನೂ ತಗೊಳ್ತೈತಿ, ಅರ್ಧ ತಾಸೂ ತಗೊಳ್ತೈತಿ. ಅಲ್ಲೀತನಕ ಸುಮ್ನ ನೋಡಕೋತ ಕೂಡೂದ್ಯಾಕ, ಇನ್ನೊಂದನ್ನ ತಗದು ಅದಕ್ಕೂ ಬ್ಯಾರೆ ಕೆಲಸಾ ಹಚ್ಚೂಣು ಅಂತ ಯಾರಿಗಾದ್ರೂ ಅನಸ್ತೈತಿ. ಅನಸೂದರಾಗ ತಪ್ಪಿಲ್ಲ. ತೊಂದ್ರಿ ಇರೂದು ಎರಡೂ ಒಂದ ಫೋಲ್ಡರಿನ್ಯಾಗ ಕೈ ಹಾಕಿದಾಗ.

ಮದವಿ ಮನಿ ಅಡಗಿ ನೆನಸ್ಕೋರಿ. ಒಲಿ ಮ್ಯಾಲ ಸಾರು ಕುದಿಯಾಕತ್ತಿರ್ತೈತಿ. ದೊಡ್ಡವ್ವ ಬಂದು ಉಪ್ಪು ಹಾಕಿ ಹೋಗ್ತಾಳ. ಅತ್ತಿ ಬಂದು "ಯಾರೂ ಉಪ್ಪು ಹಾಕಿಲ್ಲೇನೊ" ಅಂತ ಇನ್ನೊಂದು ಮುಟಗಿ. ನೆಗೆಣ್ಣಿ ರುಚಿ ನೋಡಿ, ಉಪ್ಪು ಹೆಚ್ಚಾಗೇತಿ ಅಂತ ನೀರು ಸುರವತಾಳ. ಯಾರೂ ಕೆಟ್ಟವರಲ್ಲ, ಎಲ್ಲಾರಿಗೂ ಅಡಗಿ ಬರ್ತೈತಿ. ಆದ್ರೂ ಸಾರು ಕೆಡ್ತು. ಕಡೀಕ ಯಾರಿಂದ ಕೆಡ್ತು ಅಂತ ಹೇಳಾಕೂ ಬರೂದಿಲ್ಲ.

ನಮ್ಮಣ್ಣನ ಮಗಳು ಸೂಟಿಗೆ ಬಂದಾಗ ಅಗದಿ ಹಿಂಗ ಆತು. ಅಕಿ ಕಾಲೇಜಿನ ಪ್ರಾಜೆಕ್ಟಿಗೆ ಎರಡು ಏಜೆಂಟ್ ಒಂದ ಫೋಲ್ಡರಿನ್ಯಾಗ ಬಿಟ್ಟಿದ್ಲು. ಒಂದು ಅರ್ಧಾ ಬರದಿತ್ತು, ಇನ್ನೂ ಮುಗಿದಿದ್ದಿಲ್ಲ. ಎರಡನೇದು ತನ್ನ ಕೆಲಸಾ ಮುಗಿಸಿ, ಎಲ್ಲಾ ಸಮಾ ಐತೇನು ಅಂತ ಪರೀಕ್ಷೆ ಓಡಿಸ್ತು. ಮೊದಲನೇದರ ಅರ್ಧಮರ್ಧ ಬರವಣಿಗಿಯಿಂದ ತಪ್ಪು ಬಂತು. ಅದನ್ನ ನೋಡಿ ಎರಡನೇದು "ಇವು ನಾ ಮಾಡಿದ ಬದಲಾವಣಿ ಅಲ್ಲ, ಇವೇನೋ ಹಾಳಾಗ್ಯಾವ" ಅಂತ ತಿಳಕೊಂಡು, ಆ ಫೈಲುಗಳನ್ನ ಹಳೇದಕ್ಕ ತಿರುಗಿಸಿಬಿಡ್ತು. ಮೊದಲನೇದರ ಕೆಲಸಾ ಹೋತು. ಅದಕ್ಕೋ, ತನ್ನ ಕಾಲಕೆಳಗಿನ ನೆಲಾ ಯಾಕ ಜಾರ್ತು ಅನ್ನೂದ ತಿಳೀಲಿಲ್ಲ. ಮತ್ತ ಬರಿಯಾಕ ಕೂತು. "ಅತ್ತಿ, ಇವೆರಡೂ ಜಗಳಾ ಮಾಡಾಕತ್ತಾವ ನೋಡ ಬಾ" ಅಂದ್ಲು. ಖರೇ ಹೇಳಬೇಕಂದ್ರ ಅವು ಜಗಳಾ ಮಾಡಾಕತ್ತಿರಲಿಲ್ಲ. ಒಂದಕ್ಕ ಇನ್ನೊಂದು ಐತಿ ಅನ್ನೂದ ಗೊತ್ತಿರಲಿಲ್ಲ.

ಇದಕ್ಕ ಮದ್ದು ಹೊಸಾದೇನಲ್ಲ. ಮನಷ್ಯಾರ ಸಲುವಾಗಿ ಮಾಡಿದ್ದ ಐತಿ. ಪ್ರೋಗ್ರಾಮ್ ಬರಿಯೂ ಮಂದಿ ತಮ್ಮ ಕೆಲಸದ್ದು ಒಂದು ಕಿರ್ದಿ ಇಡ್ತಾರ, ಅದಕ್ಕ ಗಿಟ್ ಅಂತಾರ. ಲಿನಕ್ಸ್ ಮಾಡಿದ ಲಿನಸ್ ಟೋರ್ವಾಲ್ಡ್ಸ್ ಇದನ್ನ 2005ರಾಗ ಮಾಡಿದ. ಲಿನಕ್ಸ್‌ಗೆ ಜಗತ್ತಿನ ತುಂಬ ಸಾವಿರಗಟ್ಲೆ ಮಂದಿ ಕೋಡ್ ಬರದು ಕಳಸ್ತಿದ್ರು, ಅದನ್ನೆಲ್ಲಾ ಕೂಡಸಾಕ ಅವರು ಅಲ್ಲೀತನಕ ವಾಪರಸ್ತಿದ್ದ ಸಾಧನ ಪುಕಟ ಸಿಗೂದು ಬಂದ್ ಆತು, ಅದಕ್ಕ ತಾನ ಒಂದು ಮಾಡಿಕೊಂಡ. ಗಿಟ್‌ದಾಗ ಮೂರು ಮಾತು ತಿಳಕೊಂಡ್ರ ಸಾಕು. ಒಂದಿಷ್ಟು ಕೆಲಸಾ ಮುಗಿಸಿ, ಏನು ಮಾಡಿದೆ ಅಂತ ಎರಡು ಸಾಲು ಬರದು, ಕಿರ್ದಿಯೊಳಗ ನೋಂದಣಿ ಮಾಡೂದಕ್ಕ ಕಮಿಟ್ ಅಂತಾರ. ಮುಖ್ಯ ಲೆಕ್ಕಕ್ಕ ಧಕ್ಕಿ ಆಗಧಂಗ ಬದಿಗೆ ಒಂದು ಕವಲು ತಗದು ಅಲ್ಲಿ ಬರಿಯೂದಕ್ಕ ಬ್ರಾಂಚ್ ಅಂತಾರ. ಆ ಕವಲಿನ ಕೆಲಸಾ ನೋಡಿ, ಒಪ್ಪಿ, ಮುಖ್ಯ ಲೆಕ್ಕಕ್ಕ ಕೂಡಸೂದಕ್ಕ ಮರ್ಜ್ ಅಂತಾರ. ಒಮ್ಮೆ ಕಮಿಟ್ ಆದದ್ದು ಹಂಗ ಸುಮ್ನ ಹೋಗೂದಿಲ್ಲ, ಹಿಂದಕ್ಕ ಹೋಗಿ ತಗೀಬಹುದು. ಕಮಿಟ್ ಮಾಡಧ ತಿರುಗಿಸಿದ್ದನ್ನ ಮಾತ್ರ ಗಿಟ್ ವಾಪಸ್ ಕೊಡೂದಿಲ್ಲ. ನಮ್ಮ ಹುಡಗೀದು ಹೋದದ್ದು ಅದ.

"ಹಂಗಾದ್ರ ಇಬ್ಬರಿಗೂ ಎರಡು ಬ್ರಾಂಚ್ ಕೊಟ್ರ ಮುಗೀತಲ್ಲ ಅತ್ತಿ?" ಅಂತ ಅಕಿ ಕೇಳಿದ್ಲು. ಮುಗಿಯೂದಿಲ್ಲ. ಬ್ರಾಂಚ್ ಎರಡಿದ್ರೂ ಫೋಲ್ಡರ್ ಒಂದ ಇದ್ರ, ಒಂದು ಹೊತ್ತಿನ್ಯಾಗ ಒಂದ ಬ್ರಾಂಚಿನ ಫೈಲು ಅಲ್ಲಿ ಕಾಣ್ತಾವ. ಒಂದು ಏಜೆಂಟ್ ಬ್ರಾಂಚ್ ಬದಲಿ ಮಾಡಿದ್ರ ಇನ್ನೊಂದರ ಕಣ್ಣಮುಂದಿನ ಫೈಲೂ ಬದಲಿ ಆಗಿಬಿಡ್ತಾವ. ಒಂದ ಕೈಹಲಗಿ ಮ್ಯಾಲ ಇಬ್ಬರು ಅಳಿಸಿ ಅಳಿಸಿ ಬರದಂಗ.

ಅಲ್ಲಿ ಬರ್ತೈತಿ ವರ್ಕ್‌ಟ್ರೀ. ಇದು ಗಿಟ್‌ದಾಗ 2015ರಾಗ, 2.5ನೇ ಆವೃತ್ತಿಯೊಳಗ ಸೇರ್ತು. ಹತ್ತು ವರ್ಷ ಭಾಳ ಮಂದಿ ಇದರ ಕಡೆ ತಿರುಗಿ ನೋಡಿರಲಿಲ್ಲ. ಏಜೆಂಟ್ ಬಂದ ಮ್ಯಾಲ ಎಲ್ಲಾರ ಬಾಯಾಗೂ ಇದ. ಬ್ಯಾಸಗಿಯಾಗ ನಾವು ಹಪ್ಪಳಾ ಮಾಡ್ತೀವಲ್ಲ, ಹಂಗ ತಿಳಕೋರಿ. ಹಿಟ್ಟು ಕುಟ್ಟಿ ನಾದಿದ್ದು ಒಂದ. ಉಂಡಿ ಹೋಗೂದು ಒಂದ ಬುಟ್ಟಿಯಿಂದ. ಆದ್ರ ಲಟ್ಟಸಾಕ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಮಣಿ, ಒಂದೊಂದು ಲಟ್ಟಣಿಗಿ. ಒಬ್ಬರ ಮಣಿ ಮ್ಯಾಲ ಇನ್ನೊಬ್ಬರು ಲಟ್ಟಸೂದಿಲ್ಲ. ವರ್ಕ್‌ಟ್ರೀ ಅಂದ್ರ ಅದ. ಕಿರ್ದಿ ಒಂದ, ಅದರ ಇತಿಹಾಸಾ ಒಂದ. ಆದ್ರ ಒಂದೊಂದು ಬ್ರಾಂಚಿಗೆ ಒಂದೊಂದು ಬ್ಯಾರೆ ಫೋಲ್ಡರ್ ಹಾಸಿಕೊಡ್ತೈತಿ. "ಗಿಟ್ ವರ್ಕ್‌ಟ್ರೀ ಆ್ಯಡ್" ಅಂತ ಹೇಳಿ, ಫೋಲ್ಡರ್ ಎಲ್ಲಿರಬೇಕು, ಬ್ರಾಂಚಿನ ಹೆಸರೇನು ಅಂತ ಕೊಟ್ರ ಆತು, ಹೊಸಾ ಮಣಿ ತಯಾರ.

ಫೋಲ್ಡರ್ ಪೂರಾ ಕಾಪಿ ಹೊಡದ್ರ ಆಗೂದಿಲ್ಲೇನು ಅಂತ ಕೇಳಬಹುದು. ಆಗ್ತೈತಿ, ಆದ್ರ ಆವಾಗ ಕಿರ್ದೀನೂ ಎರಡು ಆಗ್ತಾವ. ಒಂದರಾಗ ಬರದದ್ದು ಇನ್ನೊಂದಕ್ಕ ಒಯ್ದು ಮುಟ್ಟಸೂ ಕೆಲಸಾ ನಮ್ಮ ತಲಿಗೆ. ವರ್ಕ್‌ಟ್ರೀಯೊಳಗ ಕಿರ್ದಿ ಒಂದ ಇರೂದರಿಂದ, ಅಲ್ಲಿ ಆದ ಕಮಿಟ್ ಇಲ್ಲಿ ಕೂತಲ್ಲೆ ಕಾಣ್ತೈತಿ. ಇನ್ನೊಂದು ಚೊಲೋ ಗುಣಾ ಐತಿ ಅದಕ್ಕ. ಒಂದು ಬ್ರಾಂಚ್ ಒಂದು ವರ್ಕ್‌ಟ್ರೀಯಾಗ ತಗದಿದ್ರ, ಅದ ಬ್ರಾಂಚನ್ನ ಎರಡನೇ ಕಡೆ ತಗ್ಯಾಕ ಹೋದ್ರ ಗಿಟ್ ತಾನ ಆಗೂದಿಲ್ಲ ಅಂತೈತಿ. ಒತ್ತಾಯಾ ಮಾಡಿದ ಹೊರತು ಬಿಡೂದಿಲ್ಲ. ಕೂತ ಮಣಿ ಮ್ಯಾಲ ಇನ್ನೊಬ್ಬರು ಕೂಡಧಂಗ ನೋಡ್ಕೊಳ್ತೈತಿ.

ಈಗ ಮಣಿ ಹಾಕಿ ಕೊಟ್ಟಿವಿ ಅಂದ್ರ ಸಾಲೂದಿಲ್ಲ, ಕೂತವರಿಗೆ ಹೇಳಿಕೊಡಬೇಕು. ಏಜೆಂಟ್ ಕೆಲಸಾ ಸುರು ಮಾಡೂಮುಂದ ಫೋಲ್ಡರಿನ್ಯಾಗ ಒಂದು ಸೂಚನಾ ಫೈಲ್ ಓದತೈತಿ. ಕೆಲವಕ್ಕ ಅದರ ಹೆಸರು ಏಜೆಂಟ್ಸ್ ಡಾಟ್ ಎಂಡಿ, ಕ್ಲಾಡ್ ಕೋಡ್‌ಗೆ ಕ್ಲಾಡ್ ಡಾಟ್ ಎಂಡಿ. ಅದರಾಗ ನಾ ಉದ್ದುದ್ದ ಪುರಾಣಾ ಬರಿಯೂದಿಲ್ಲ. ಸಣ್ಣ ಸಣ್ಣ ಮಾತು, ಒಂದೊಂದಕ್ಕೂ ಕಾರಣ. ಕಾರಣ ಹೇಳಿದ್ರ ನಮ್ಮಂಗ ಅದೂ ಹೆಚ್ಚು ಸಮಾ ನಡೀತೈತಿ.

ಮೊದಲನೇ ಮಾತು: ಯಾವ ಫೈಲರ ಮುಟ್ಟೂಕಿಂತ ಮೊದಲ ನೀ ಎಲ್ಲಿ ನಿಂತೀ ಅಂತ ನೋಡ್ಕೋ. ಯಾವ ಫೋಲ್ಡರ್, ಯಾವ ಬ್ರಾಂಚ್. ಮುಖ್ಯ ಫೋಲ್ಡರಿನ್ಯಾಗ ನಿಂತಿದ್ರ ಅಲ್ಲಿ ಏನೂ ಬರೀಬ್ಯಾಡ, ಮೊದಲ ನಿನ್ನ ಸಲುವಾಗಿ ಒಂದು ವರ್ಕ್‌ಟ್ರೀ ಮಾಡ್ಕೋ. ಅದರ ಹೆಸರು ಕೆಲಸದ ಹೆಸರ ಇರಲಿ. "ಪಾಸ್‌ಬುಕ್-ಛಾಪಾ", "ತಡ-ದಂಡ", ಹಿಂಗ. ಒಂದು, ಎರಡು, ಮೂರು ಅಂತ ಹೆಸರಿಟ್ರ ವಾರದ ಮ್ಯಾಲ ಯಾವುದು ಏನು ಅಂತ ಉಪ್ಪಿನಕಾಯಿ ಭರಣಿ ಮುಚ್ಚಳಾ ತಗದು ನೋಡಿದಂಗ ಆಗ್ತೈತಿ.

ಎರಡನೇದು: ನಿನ್ನ ಫೋಲ್ಡರ್ ಬಿಟ್ಟು ಹೊರಗ ಹೋಗಬ್ಯಾಡ. ಬಾಜೂ ವರ್ಕ್‌ಟ್ರೀಯಾಗ ಏನರ ತಪ್ಪು ಕಂಡ್ರ ನನಗ ಹೇಳು, ನೀ ತಿದ್ದಬ್ಯಾಡ.

ಮೂರನೇದು: ನೀ ಮಾಡಿರಧ ಬದಲಾವಣಿ ಕಂಡ್ರ ತಿರುಗಿಸಬ್ಯಾಡ, ಅಳಿಸಬ್ಯಾಡ. ನಿಲ್ಲು, ಕೇಳು. ನಮ್ಮ ಹುಡಗೀ ಪ್ರಾಜೆಕ್ಟ್ ನೋಡಿದ ಮ್ಯಾಲ ಈ ಮಾತಿನ ಬೆಲೆ ನಿಮಗೂ ಗೊತ್ತಾಗಿರ್ತೈತಿ.

ನಾಕನೇದು: ಸಣ್ಣ ಸಣ್ಣ ಕಮಿಟ್ ಮಾಡು, ಮಾಡೂಮುಂದ ನೀ ತಿದ್ದಿದ ಫೈಲಿನ ಹೆಸರು ಹೇಳಿ ಸೇರಿಸು. ಕಂಡದ್ದೆಲ್ಲಾ ಬುಟ್ಟಿಗೆ ಬಳಿಯಬ್ಯಾಡ. ಅರ್ಧಾ ಕೆಲಸಾ ಬದಿಗೆ ಇಡಬೇಕಾದ್ರ ಗಿಟ್‌ದಾಗ ಸ್ಟ್ಯಾಶ್ ಅಂತ ಒಂದು ಸಂದೂಕ ಐತಿ, ಅದನ್ನೂ ಮುಟ್ಟಬ್ಯಾಡ. ಯಾಕಂದ್ರ ಆ ಸಂದೂಕ ಎಲ್ಲಾ ವರ್ಕ್‌ಟ್ರೀಗೂ ಸೇರಿ ಒಂದ. ಒಬ್ಬರು ಇಟ್ಟ ಸೀರಿ ಇನ್ನೊಬ್ಬರು ತಮ್ಮದಂತ ಉಟಗೊಂಡು ಹೋಗಬಹುದು.

ಐದನೇದು: ಇದ್ದ ಪರೀಕ್ಷೆ ನನ್ನ ಕೇಳಧ ಬದಲಿ ಮಾಡಬ್ಯಾಡ. ಮುಗಿದ ಮ್ಯಾಲ ಏನು ಮಾಡಿದೆ, ಏನು ಉಳೀತು ಅಂತ ನಾಕು ಸಾಲು ಬರದಿಡು. ಮರ್ಜ್ ಮಾತ್ರ ನೀ ಮಾಡಬ್ಯಾಡ. ಅದು ನನ್ನ ಕೆಲಸಾ.

ಇಷ್ಟ ಹೇಳಿದ್ರ ಎಲ್ಲಾ ಸುರಕ್ಷಿತ ಅಂತ ತಿಳ್ಕೊಬ್ಯಾಡ್ರಿ. "ಒಳಗ ಬರಬ್ಯಾಡ್ರಿ" ಅಂತ ಬಾಗಿಲಿಗೆ ಚೀಟಿ ಹಚ್ಚೂದು ಬ್ಯಾರೆ, ಬಾಗಿಲಿಗೆ ಚಿಲಕಾ ಹಾಕೂದು ಬ್ಯಾರೆ. ಸೂಚನಾ ಫೈಲ್ ಅನ್ನೂದು ಚೀಟಿ. ಮಾತುಕತಿ ಭಾಳ ಉದ್ದ ಆದಂಗ ಏಜೆಂಟ್ ಮೊದಲ ಓದಿದ್ದನ್ನ ಕಡೆಗಣಸೂದೂ ಉಂಟು. ವರ್ಕ್‌ಟ್ರೀನೂ ಗ್ವಾಡಿ ಅಲ್ಲ, ಮಣಿ ಅಷ್ಟ. ಮನಸು ಮಾಡಿದ್ರ ಬಾಜೂ ಮಣಿಗೆ ಕೈ ನೀಡಾಕ ಬರ್ತೈತಿ. ಅದಕ್ಕ ಚಿಲಕಾನೂ ಹಾಕೇನಿ. ಮುಖ್ಯ ಬ್ರಾಂಚಿಗೆ ನೇರ ಯಾರೂ ಸೇರಸಧಂಗ ಸರ್ವರಿನ್ಯಾಗ ಕಾಯ್ದಿಟ್ಟೇನಿ. ಯಾವ ಆಜ್ಞೆ ಓಡಿಸೂಕಿಂತ ಮೊದಲ ನನ್ನ ಕೇಳಬೇಕು ಅಂತ ಏಜೆಂಟಿನ ಅನುಮತಿಯೊಳಗ ಗೊತ್ತು ಮಾಡೇನಿ. ಇನ್ನೂ ಗಟ್ಟಿ ಗ್ವಾಡಿ ಬೇಕಂದವರು ಕಂಟೇನರ್ ಅಂತ ಮಾಡ್ತಾರ, ಏಜೆಂಟನ್ನ ಒಂದು ಪೂರಾ ಬ್ಯಾರೆ ಖೋಲಿಯಾಗ ಇಟ್ಟಂಗ.

ಇನ್ನೊಂದು ವಿಚಾರ, ಇದು ನಿಮ್ಮ ರೊಕ್ಕಕ್ಕ ನೇರ ಸಂಬಂಧ ಪಟ್ಟದ್ದು. ವರ್ಕ್‌ಟ್ರೀ ಬ್ಯಾರೆ ಮಾಡೂದು ಗಿಟ್ ಕಾಯೂ ಫೈಲುಗಳನ್ನ ಅಷ್ಟ. ಲೆಕ್ಕ ಇರೂ ಡೇಟಾಬೇಸ್, ಪಾಸ್‌ವರ್ಡ್ ಇರೂ ಫೈಲ್, ಇವನ್ನ ನಾವು ಬೇಕಂತ ಗಿಟ್ ಹೊರಗ ಇಟ್ಟಿರ್ತೀವಿ. ಹೊಸಾ ವರ್ಕ್‌ಟ್ರೀಯಾಗ ಅವು ಬರೂದಿಲ್ಲ. ಆವಾಗ ಏಜೆಂಟ್ ಮುಖ್ಯ ಫೋಲ್ಡರಿಂದ ಆ ಸೆಟ್ಟಿಂಗ್ ಫೈಲ್ ಎತ್ತಿಕೊಂಡು ಬಂದು ಕೆಲಸಾ ಸುರು ಮಾಡಿದ್ರ, ಫೋಲ್ಡರ್ ಎರಡಾದ್ರೂ ಡೇಟಾಬೇಸ್ ಒಂದ ಆಗಿಬಿಡ್ತೈತಿ. ಮಣಿ ಬ್ಯಾರೆ, ಸಾರಿನ ಗಡಿಗಿ ಮತ್ತ ಒಂದ. ಅದಕ್ಕ ಒಂದೊಂದು ವರ್ಕ್‌ಟ್ರೀಗೆ ಒಂದೊಂದು ಸುಳ್ಳ ಲೆಕ್ಕದ ಡೇಟಾಬೇಸ್ ಇಟ್ಟೇನಿ. ಅದರಾಗ ನಿಮ್ಮ ಯಾರ ಹೆಸರೂ ಇಲ್ಲ. ಬದನಿಕಾಯಿ, ಹೀರಿಕಾಯಿ, ಸವತಿಕಾಯಿ ಅಂತ ಸದಸ್ಯರ ಹೆಸರು ಇಟ್ಟೇನಿ, ಬದನಿಕಾಯಿ ಸಾಲಾ ತಗೊಂಡು ತಡಾ ಮಾಡಿ ಕಟ್ಟತೈತಿ. ಖರೇ ಲೆಕ್ಕ ಇರೂದು ಬ್ಯಾರೆ ಕಡೆ, ಅದರ ಕೀಲಿ ಏಜೆಂಟಿಗೆ ಕೊಟ್ಟಿಲ್ಲ. ನಿಮ್ಮ ಉಳಿತಾಯ, ನಿಮ್ಮ ಸಾಲಾ ಎಷ್ಟು ಅಂತ ಅದಕ್ಕ ಗೊತ್ತಿಲ್ಲ, ಗೊತ್ತಾಗೂ ಹಾದೀನೂ ಇಲ್ಲ. ಹಂಗ ಪ್ರೋಗ್ರಾಮ್ ಓಡಿಸಿ ನೋಡೂ ಪೋರ್ಟ್ ನಂಬರೂ ಒಂದೊಂದಕ್ಕ ಬ್ಯಾರೆ. 3000 ಒಂದಕ್ಕ ಕೊಟ್ರ ಇನ್ನೊಂದಕ್ಕ 3001. ಒಂದ ನಂಬರ್ ಕೊಟ್ರ ಎರಡನೇದು ಸುರೂನ ಆಗೂದಿಲ್ಲ, ಇಲ್ಲಾ ನೀವು ಒಂದರ ಕೆಲಸಾ ನೋಡಾಕತ್ತೇನಿ ಅಂತ ಇನ್ನೊಂದರದ್ದು ನೋಡಕೋತ ಕೂಡ್ತೀರಿ.

ಇಷ್ಟೆಲ್ಲಾ ಖಟಪಟಿ ಯಾಕ, ಒಂದ ಏಜೆಂಟ್ ಇಟ್ಟಗೊಂಡು ಒಂದಾದ ಮ್ಯಾಲೊಂದು ಮಾಡಿಸಿದ್ರ ಆಗೂದಿಲ್ಲೇನು ಅಂತೀರಿ. ನಾನೂ ಹಂಗ ಮಾಡೂದು ಭಾಳ ಸಲ. ಆದ್ರ ಒಂದ ಇದ್ರೂ ಅದಕ್ಕ ಬ್ಯಾರೆ ವರ್ಕ್‌ಟ್ರೀ ಕೊಡೂದು ಬಿಟ್ಟಿಲ್ಲ. ಯಾಕಂತ ಹೇಳ್ತೇನಿ.

ಪಾಸ್‌ಬುಕ್ ಛಾಪಾ ಮಾಡೂ ಕೆಲಸಾ ಒಂದು ಏಜೆಂಟಿಗೆ ಕೊಟ್ಟಿದ್ದೆ. ಅಂಕಿ ಕನ್ನಡದಾಗ ಬರಬೇಕು, ಬಡ್ಡಿಗೆ ಬ್ಯಾರೆ ಅಂಕಣ ಬೇಕು, ಅಷ್ಟ. ಅದಕ್ಕ ಅದರದ ವರ್ಕ್‌ಟ್ರೀ, ಅದರದ ಬ್ರಾಂಚ್. ಮುಗೀತು ಅಂತ ಹೇಳ್ತು, ಪರೀಕ್ಷೆ ಎಲ್ಲಾ ಪಾಸ್ ಅಂತೂ ಹೇಳ್ತು. ಮರ್ಜ್ ಮಾಡೂಕಿಂತ ಮೊದಲ, ಮುಖ್ಯ ಲೆಕ್ಕಕ್ಕೂ ಈ ಬ್ರಾಂಚಿಗೂ ಏನೇನು ಫರಕ್ ಐತಿ ಅಂತ ಗಿಟ್ ತೋರಸ್ತೈತಿ, ಅದನ್ನ ಓದಿದೆ. ಛಾಪಾ ಮಾಡೂ ಫೈಲು ಬದಲಾಗಿದ್ವು, ಸರಿ. ಅವುಗಳ ನಡುವ ಬಡ್ಡಿ ಹಾಕೂ ಫೈಲೂ ಇತ್ತು. ಛಾಪಾ ಕೆಲಸಕ್ಕ ಕಳಿಸಿದ್ದು ಬಡ್ಡಿ ಯಾಕ ಮುಟ್ಟಿತು?

ತಗದು ನೋಡಿದ್ರ, ಉಳದ ಅಸಲಿನ ಮ್ಯಾಲ ಹಾಕಬೇಕಾದ ಬಡ್ಡೀನ ಮೊದಲ ತಗೊಂಡ ಪೂರಾ ಸಾಲದ ಮ್ಯಾಲ ಹಾಕಿತ್ತು. ನಮ್ಮ ಸಂಘದಾಗ ತಿಂಗಳಿಗೆ ನೂರಕ್ಕ ಎರಡು ರೂಪಾಯಿ ಬಡ್ಡಿ. ₹5,000 ತಗೊಂಡಾಕಿಗೆ ಮೊದಲ ತಿಂಗಳು ₹100. ಅಕಿ ₹1,000 ಅಸಲು ತೀರಿಸಿದ ಮ್ಯಾಲ ₹4,000 ಉಳೀತು, ಅದಕ್ಕ ₹80. ಏಜೆಂಟ್ ಬರದ ಪ್ರಕಾರ ಎರಡನೇ ತಿಂಗಳೂ ₹100. ಪರೀಕ್ಷೆ ಹೆಂಗ ಪಾಸ್ ಆತು ಅಂತೀರಿ? ₹80 ಬರಬೇಕು ಅಂತ ನಾ ಬರದಿದ್ದ ಪರೀಕ್ಷೆಯೊಳಗ ₹80 ಅಳಿಸಿ ₹100 ಬರದಿತ್ತು. ಮೋಸಾ ಮಾಡಬೇಕಂತ ಅಲ್ಲ. ಬಡ್ಡಿಗೆ ಬ್ಯಾರೆ ಅಂಕಣ ಮಾಡಾಕ ಹೋಗಿ ಲೆಕ್ಕ ಸರಳ ಮಾಡ್ತು, ಸರಳ ಮಾಡಿದ್ದಕ್ಕ ಪರೀಕ್ಷೆ ಹೊಂದಲಿಲ್ಲ, ಪರೀಕ್ಷೇನ ಹೊಂದಿಸಿಬಿಡ್ತು. ಮ್ಯಾಲ ಹೇಳಿದ ಐದನೇ ಮಾತು ಹುಟ್ಟಿದ್ದ ಆವತ್ತು.

ಇಪ್ಪತ್ತು ರೂಪಾಯಿ ಅಷ್ಟ ಅಲ್ಲ ಅಂತ ಯಾರೂ ಅನ್ನೂದಿಲ್ಲ ಅಂತ ನನಗ ಗೊತ್ತೈತಿ. ಇಪ್ಪತ್ತು ರೂಪಾಯಿ ಹೆಚ್ಚು ಹತ್ತಿದ್ದು ಒಬ್ಬಾಕಿಗೆ ಕಾಣ್ತದ, ಅಕಿ ಕಾರ್ಯದರ್ಶಿ ಅಕ್ಕಾರನ್ನ ಕೇಳ್ತಾಳ, ಅವರಿಗೆ ಏನು ಹೇಳಬೇಕು ತಿಳಿಯೂದಿಲ್ಲ. ಇಷ್ಟು ವರ್ಷದ ವಿಶ್ವಾಸ ಅಲ್ಲಿಂದ ಬಿರಕು ಬಿಡ್ತೈತಿ. ಸಂಘ ಒಡಿಯಾಕ ಲಕ್ಷ ರೂಪಾಯಿ ಬೇಕಾಗೂದಿಲ್ಲ.

ಈಗ ಯೋಚನಾ ಮಾಡ್ರಿ. ಅದ ಹೊತ್ತಿಗೆ ದಂಡದ ಕೆಲಸಾ ಮಾಡೂ ಇನ್ನೊಂದು ಏಜೆಂಟೂ ಅದ ಫೋಲ್ಡರಿನ್ಯಾಗ ಇದ್ದಿದ್ರ? ದಂಡಾ ಹಾಕಬೇಕಂದ್ರ ಬಡ್ಡಿ ಫೈಲ್ ಮುಟ್ಟಬೇಕಾಗ್ತಿತ್ತು. ಬಡ್ಡಿ ಫೈಲ್ ಬದಲಾದದ್ದು ಕಂಡ್ರೂ "ಇದು ದಂಡದ ಕೆಲಸದ್ದ ಇರಬೇಕು" ಅಂತ ಕಣ್ಣು ಮುಂದಕ್ಕ ಹೋಗ್ತಿತ್ತು. ಮಣಿ ಬ್ಯಾರೆ ಇದ್ದದ್ದಕ್ಕ, ಆ ಮಣಿ ಮ್ಯಾಲ ಇರಬಾರದ್ದು ಇದ್ದದ್ದು ಕಣ್ಣಿಗೆ ಬಡೀತು. ವರ್ಕ್‌ಟ್ರೀ ಕೊಡೂದು ಬರೇ ಒಂದರ ಕೈ ಇನ್ನೊಂದಕ್ಕ ತಾಗಬಾರದಂತ ಅಲ್ರಿ. ಯಾವ ಕೆಲಸಕ್ಕ ಯಾರು ಏನು ಮುಟ್ಟಿದ್ರು ಅಂತ ಹಿಡದು ಕೇಳಾಕ ಬರಬೇಕು, ಅದಕ್ಕ. ಆ ಬ್ರಾಂಚ್ ಮರ್ಜ್ ಮಾಡಲಿಲ್ಲ. ಛಾಪಾದ ಫೈಲ್ ಅಷ್ಟ ಇಟ್ಟಗೊಂಡು, ಬಡ್ಡಿ ಮತ್ತ ಪರೀಕ್ಷೆ ಇದ್ದಂಗ ಇರಲಿ ಅಂತ ಹೇಳಿ ತಿರುಗಿ ಮಾಡಿಸಿದೆ. ಮುಖ್ಯ ಲೆಕ್ಕಕ್ಕ ಇದರ ಗಾಳೀನೂ ತಾಗಲಿಲ್ಲ, ನಿಮ್ಮ ಯಾರ ಪಾಸ್‌ಬುಕ್‌ದಾಗೂ ಆ ₹100 ಬರಲಿಲ್ಲ.

ಮಣಿ ಬ್ಯಾರೆ ಮಾಡಿದ್ರೂ ಕೆಲಸಾ ಹಂಚೂದು ಬಲ್ಲವರ ಹಂಚಬೇಕು. ಎರಡು ಏಜೆಂಟಿಗೆ ಒಂದ ಫೈಲಿನ ಒಂದ ಜಾಗಾ ತಿದ್ದಾಕ ಕೊಟ್ರ, ಬ್ಯಾರೆ ಬ್ಯಾರೆ ಫೋಲ್ಡರಿನ್ಯಾಗ ಇಬ್ಬರೂ ಆರಾಮ ಮುಗಸ್ತಾವ, ಜಗಳಾ ಮರ್ಜ್ ಮಾಡೂಮುಂದ ನಮ್ಮ ಮುಂದ ಬಂದು ನಿಂದರತೈತಿ. ಇಂಥಾ ಕೆಲಸಾ ಒಂದಾದ ಮ್ಯಾಲೊಂದು ಮಾಡಸೂದ ಚೊಲೋ. ಎಷ್ಟು ಏಜೆಂಟ್ ಇಡಬೇಕು ಅನ್ನೂದಕ್ಕೂ ನನ್ನ ಲೆಕ್ಕ ಸರಳ ಐತಿ. ಅವು ಎಷ್ಟು ಬರೀತಾವ ಅನ್ನೂದಲ್ಲ, ನಾ ಎಷ್ಟು ಓದಿ ತಿಳ್ಕೊಬಲ್ಲೆ ಅನ್ನೂದು. ನನಗ ಎರಡು ಆಗ್ತಾವ. ಹತ್ತು ಮಂದಿ ಲಟ್ಟಿಸಿ ಕೊಟ್ರ ಒಣಗಿಸಿ ತಗಿಯೂ ಕೈ ಎರಡ ಇದ್ರ, ಹಪ್ಪಳಾ ಮಾಳಗಿ ಮ್ಯಾಲ ಕಾಗಿ ಪಾಲು.

ಕೆಲಸಾ ಮುಗಿದ ಮ್ಯಾಲ ಮಣಿ ತೊಳದು ಇಡೂದೂ ಐತಿ. ಫೋಲ್ಡರ್ ಹಂಗ ಡಿಲೀಟ್ ಮಾಡಿದ್ರ ಗಿಟ್‌ದ ಕಿರ್ದಿಯಾಗ ಅದರ ಹೆಸರು ಉಳದಬಿಡ್ತೈತಿ. "ವರ್ಕ್‌ಟ್ರೀ ರಿಮೂವ್" ಅಂತ ಹೇಳಿ ತಗೀಬೇಕು. ಒಳಗ ಕಮಿಟ್ ಆಗದ್ದು ಏನರ ಇದ್ರ ಅದು ತಗ್ಯಾಕ ಒಪ್ಪೂದಿಲ್ಲ, ಅದೂ ಒಂದು ಕಾವಲು. ಒತ್ತಾಯದಿಂದ ತಗಿಯೂ ಆಜ್ಞೆ ಏಜೆಂಟಿಗೆ ಕೊಟ್ಟಿಲ್ಲ. ವಾರಕ್ಕೊಮ್ಮೆ "ವರ್ಕ್‌ಟ್ರೀ ಲಿಸ್ಟ್" ನೋಡಿ, ಯಾವುದು ಮುಗದೈತಿ, ಯಾವುದು ಸುಮ್ನ ಬಿದ್ದೈತಿ ಅಂತ ಕಸಾ ಹೊಡೀತೇನಿ.

ಇನ್ನ ಚಿಗವ್ವನ ಪ್ರಶ್ನೆ. ಯಾರನ್ನ ಹಿಡದು ಕೇಳಬೇಕು? ನನ್ನ. ಏಜೆಂಟ್ ಬರದ್ರೂ ಮರ್ಜ್ ಮಾಡೂ ಕೈ ನನ್ನದು, ಕಿರ್ದಿಯೊಳಗ ಮರ್ಜಿನ ಮುಂದ ಇರೂ ಹೆಸರೂ ನನ್ನದ. "ಎಐ ಮಾಡ್ತು" ಅಂತ ಹೇಳಿ ನಾ ಪಾರಾಗೂ ಹಂಗಿಲ್ಲ, ಆಗಬಾರದು. ನಿಮ್ಮ ಕಡೆಯಿಂದ ನನಗ ಒಂದ ಬೇಕಾಗೇತಿ. ಹೊಸಾ ಪಾಸ್‌ಬುಕ್ ಕೈಗೆ ಬಂದಾಗ ಹಂಗ ಪರ್ಸಿನ್ಯಾಗ ಇಟ್ಟಗೊಂಡು ಹೋಗಬ್ಯಾಡ್ರಿ. ಸಾಲಾ ಇದ್ದವರು ಉಳದ ಅಸಲು ಎಷ್ಟು ಅಂತ ನೋಡ್ರಿ, ನೂರಕ್ಕ ಎರಡರಂಗ ಬಟ್ಟ ಮಡಚಿ ಎಣಿಸ್ರಿ, ಛಾಪಾ ಆದ ಬಡ್ಡಿಗೆ ಕೂಡ್ತೈತೇನು ನೋಡ್ರಿ. ಒಂದ ರೂಪಾಯಿ ಹೆಚ್ಚುಕಡಿಮಿ ಆಗಿದ್ರೂ ಅಲ್ಲೇ ಕೂತಲ್ಲೆ ಹೇಳ್ರಿ. ಕನ್ನಡ ಅಂಕಿ ಕಣ್ಣಿಗೆ ಸಣ್ಣ ಆಗ್ಯಾವ ಅಂತ ಅತ್ತಿ ಅಂದಿದ್ಲು, ಅದನ್ನ ದೊಡ್ಡದು ಮಾಡಾಕ ಇವತ್ತ ಒಂದು ಹೊಸಾ ಮಣಿ ಹಾಕೇನಿ.